ಕೊಬ್ಬು ಮತ್ತು ಕೊಬ್ಬರಿ

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿರುವ ನನ್ನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸೋರುವ ಪಂಪುಗಳನ್ನು ರಿಪೇರಿ ಮಾಡಿದವನು ನಾನು. ಸೀಲು ಬದಲಿಸು, ಬೋಲ್ಟು ಬಿಗಿ ಮಾಡು, ಮುಗಿಯಿತು. ಅಂಥವನ ಹೊಟ್ಟೆಯೇ ಸೋರತೊಡಗಿದರೆ ಸಿಟ್ಟು ಬರದೆ ಇರುತ್ತದೆಯೇ?

ಮೇದೋಜೀರಕ ಗ್ರಂಥಿಯಲ್ಲಿದ್ದ ಗಡ್ಡೆಯನ್ನು ಅಲ್ಲಿನದೇ ಆಸ್ಪತ್ರೆಯಲ್ಲಿ ತೆಗೆದರು. ಹೊಟ್ಟೆಯಿಂದ ಹೊರಗೆ ಬಿಟ್ಟಿದ್ದ ಟ್ಯೂಬಿನಲ್ಲಿ ತಿಳಿನೀರು ಬರುತ್ತಿತ್ತು. ಐದನೆಯ ದಿನ ಊಟ ಶುರುಮಾಡಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಚೀಲದಲ್ಲಿ ಹಾಲು! ಕುಡಿದ ಹಾಲೇ ಹೊಲಿಗೆ ಬಿಟ್ಟು ಹೊರಗೆ ಬರುತ್ತಿದೆ ಎಂದು ಹೆಂಡತಿ ಅಳತೊಡಗಿದಳು. ಡಾಕ್ಟರು ಬಿಡಿಸಿ ಹೇಳಿದರು: ತಿಂದ ಜಿಡ್ಡನ್ನು ಕರುಳಿನಿಂದ ಹೊತ್ತೊಯ್ಯುವ ಸಣ್ಣ ನಾಳವೊಂದು ಕತ್ತರಿಸಿಹೋಗಿದೆ, ಅದು ಸೋರುತ್ತಿದೆ. ತುಪ್ಪ, ಎಣ್ಣೆ, ಹಾಲು ನಿಲ್ಲಿಸಿದರೆ ತಾನಾಗಿ ಮುಚ್ಚಿಕೊಳ್ಳಬಹುದು. ಇಲ್ಲವಾದರೆ ಮತ್ತೆ ಹೊಟ್ಟೆ ಕೊಯ್ಯಬೇಕಾದೀತು.

"ಕೊಳುಪ್ಪು ಕೂಡವೇ ಕೂಡಾದು," ಎಂದು ತಮಿಳಿನಲ್ಲಿ ಗದರಿದರು, ಕೊಬ್ಬು ಕೂಡಲೇ ಕೂಡದಂತೆ. ಅವರ ಕೊಳುಪ್ಪಿಗೂ ನಮ್ಮ ಕೊಬ್ಬಿಗೂ ಅರ್ಥ ಎರಡೆರಡು. ಜಿಡ್ಡೂ ಹೌದು, ಸೊಕ್ಕೂ ಹೌದು. ಹೆಂಡತಿ ಕಣ್ಣೊರೆಸಿಕೊಂಡಳು.

"ಏನುಂಗ, ರೀ, ಕೇಳಿಸ್ತಾ? ಕೊಬ್ಬು ಇರ್ಬಾರ್ದು ಅಂತ ನಾ ಎಷ್ಟ್ ವರ್ಷದಿಂದ ಹೇಳ್ತಾ ಇದೀನಿ!"

ಟ್ಯೂಬಿನೊಂದಿಗೇ ಮನೆಗೆ ಬಂದೆ. ಇಡ್ಲಿ, ಒಗ್ಗರಣೆಯಿಲ್ಲದ ರಸಂ, ಡಾಕ್ಟರು ಬರೆದುಕೊಟ್ಟ ಪುಡಿ. ಎರಡು ವಾರಕ್ಕೆ ಬಿಳುಪು ಕಡಿಮೆಯಾಗುತ್ತ ಬಂತು. ಗೆದ್ದೆ ಅಂದುಕೊಂಡು, ಕುನ್ನತ್ತೂರಿನ ನಮ್ಮ ತೋಟದಿಂದ ಬಂದಿದ್ದ ಕೊಬ್ಬರಿಯ ಡಬ್ಬಕ್ಕೆ ಕೈ ಹಾಕಿದೆ. ತುಪ್ಪ ಬೇಡ, ಎಣ್ಣೆ ಬೇಡ ಅಂದಿದ್ದರು, ಕಾಯಿ ಬೇಡ ಅಂದಿದ್ದರೇ? ಬೆಲ್ಲದ ಜೊತೆ ಅರ್ಧ ಹೋಳು ಮುಗಿಸಿದೆ.

ಮರುದಿನ ಚೀಲ ಮತ್ತೆ ಬೆಳ್ಳಗೆ. ಹೆಂಡತಿ ಡಬ್ಬ ಅಲ್ಲಾಡಿಸಿ ನೋಡಿದಳು.

"ಕೊಬ್ಬರೀಲಿ ಕೊಬ್ಬು ಇರ್ದೆ ಇನ್ನೇನಿರ್ತದೆ? ಹೆಸ್ರಲ್ಲೇ ಇದೆಯಲ್ಲ, ಕಿವಿ ಕೇಳ್ಲಿಲ್ವಾ?" ಬೈಯುತ್ತಲೇ ಅವಳ ದನಿ ಒಡೆಯಿತು. "ಇನ್ನೊಂದ್ ಸಲ ಕೊಯ್ಯೋಕೆ ನಾ ನಿಮ್ಮನ್ನ ಒಳಕ್ಕೆ ಕಳಿಸ್ಲಾರೆ."

ಆಗ ಮೊದಲ ಸಲ ನಿಜಕ್ಕೂ ಹೆದರಿದೆ.

ಅಲ್ಲಿಂದ ಮೂರು ವಾರ ಅವಳು ಬಡಿಸಿದ್ದನ್ನಷ್ಟೇ ತಿಂದೆ. ಚೀಲ ತಿಳಿಯಾಯಿತು. ಆಗ ಡಾಕ್ಟರು ಪರೀಕ್ಷೆಗೆಂದು ಜಿಡ್ಡು ತಿನ್ನಲು ಹೇಳಿದರು. ಅವಳು ದೋಸೆಗೆ ತುಪ್ಪ ಸುರಿದಳು. ಎರಡು ದಿನ ತಿಂದೆ, ಎರಡು ದಿನವೂ ಇಬ್ಬರ ಕಣ್ಣೂ ಚೀಲದ ಮೇಲೆ. ನೀರು, ಬರೀ ತಿಳಿನೀರು! ಬೋಲ್ಟು ಬಿಗಿ ಮಾಡದೆ ಸೋರಿಕೆ ನಿಂತದ್ದನ್ನು ನನ್ನ ಜನ್ಮದಲ್ಲಿ ಮೊದಲ ಸಲ ಕಂಡೆ.

ಟ್ಯೂಬು ಎಳೆದು ತೆಗೆದ ಡಾಕ್ಟರು, "ಇನಿ ಕೊಳುಪ್ಪು ಸಾಪ್ಪಿಡಲಾಂ," ಎಂದರು. ಇನ್ನು ಕೊಬ್ಬು ತಿನ್ನಬಹುದಂತೆ.

"ತಿನ್ನೋದ್ಯಾಕೆ, ಬೇಕಾದಷ್ಟು ಮೈಯಲ್ಲೇ ಇದೆ," ಎಂದಳು ಹೆಂಡತಿ, ಅಳುತ್ತ, ನಗುತ್ತ.

"ಇದೆ," ಎಂದೆ. "ಇನ್ನೂ ಇಪ್ಪತ್ ವರ್ಷ ತಡ್ಕೋ."