ಭಾವನ ಡಬಲ್ ಶಾಕಬ್ಸರ್

ಹಿಂದೆ, ಮುಂದೆ ಎರಡೂ ಕಡೆ ಶಾಕಬ್ಸರ್ ಇರುವ ಗೇರ್ ಸೈಕಲ್ಲುಗಳು ಕೊಪ್ಪಕ್ಕೆ ಬಂದ ಹೊಸತು. ರಸ್ತೆಯ ಗುಂಡಿಗಳಿಗೆ ಸೊಂಟ ಹಿಡಿಯುತ್ತದೆಂದು ಗೋಳಾಡುತ್ತಿದ್ದ ಕೆರೆಕಟ್ಟೆಯ ಭಾವ, ಅಂಥದ್ದೊಂದನ್ನು ಆರಿಸಲು ನನ್ನನ್ನು ಕರೆದೊಯ್ದರು. ನಾನು ಸೈಕಲ್ ಬಲ್ಲವನೆಂದು ಮನೆಯವರ ನಂಬಿಕೆ. ನಾನೂ ಅದನ್ನು ಅಲ್ಲಗಳೆದಿರಲಿಲ್ಲ.

ಭಾವನ ಪರೀಕ್ಷೆಯೋ, ದೇವರಿಗೇ ಪ್ರೀತಿ. ಗೇರು, ಬ್ರೇಕು ಯಾವುದನ್ನೂ ಮುಟ್ಟದೆ ಒಂದೊಂದೇ ಸೀಟನ್ನು ಒತ್ತಿ ನೋಡಿ, ಎಲ್ಲಕ್ಕಿಂತ ಹೆಚ್ಚು ಕುಣಿದದ್ದನ್ನು ಆರಿಸಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

"ಇದಕ್ಕೆ ಕ್ಯಾರಿಯರ್ ಎಲ್ಲಿ ಮಾರಾಯ? ಹಾಲಿನ ಕ್ಯಾನ್ ತಲೆ ಮೇಲೆ ಇಟ್ಕೊಂಡು ಹೋಗ್ಲಾ?" ಎಂದು ಅಂಗಡಿಯವನನ್ನು ಕೇಳಿದರು.

ಇಂಥ ಸೈಕಲ್ಲಿಗೆ ಕ್ಯಾರಿಯರ್ ಬರುವುದಿಲ್ಲ ಎಂದ ಅವನು. ಬರುವುದಿಲ್ಲ ಎಂದರೆ ಬಿಡುವ ಜನವೇ ನಾವು? ಸೈಕಲ್ ಕೊಂಡವರೇ ನೇರ ಬಾಳಗಡಿಯ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಲ್ಲಿ ಸೀಟಿನ ಕೆಳಗಿನ ಪೈಪಿನಿಂದ ಹಿಂದಿನ ಚಕ್ರದ ನಟ್ಟಿನವರೆಗೆ ಎರಡು ಕಬ್ಬಿಣದ ಸರಳು ಬೆಸೆದು ಕ್ಯಾರಿಯರ್ ಕೂರಿಸಿದರು. ಭಾವ ಹತ್ತಿ ಕುಳಿತರು. ಸೈಕಲ್ಲಿನ ಹಿಂಭಾಗ ಕಲ್ಲುಬೆಂಚಿನಂತೆ ಕದಲಲಿಲ್ಲ. ಹಿಂದಿನ ಶಾಕಬ್ಸರಿನ ಹಳದಿ ಸ್ಪ್ರಿಂಗು ಚೆಂದಕ್ಕೆ ಮಾತ್ರ ಉಳಿಯಿತು.

"ಈಗ ಗಟ್ಟಿ ಆಯ್ತು ನೋಡು," ಎಂದರು ಭಾವ.

ಸರಳು ಎಲ್ಲಿಗೆ ಬೆಸೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವನು ನಾನೇ.