ದುಕ್ಮ್‌ನಲ್ಲಿ ಮೊದಲ ಕಪ್ ಕಹ್ವಾ

ಮಸ್ಕತ್ತಿನ ಅಲ್ ಅಜೈಬಾದ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ನಮ್ಮ ಸೈಟ್ ಇದ್ದ ದುಕ್ಮ್‌ಗೆ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆಫೀಸಿನ ಗಾಡಿ ಓಡಿಸುತ್ತಿದ್ದವರು ಖಲ್ಫಾನ್, ಅರವತ್ತು ಸಮೀಪಿಸಿದ ಒಮಾನಿ. ಹಿಂದಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಹಿಂದಿನ ಸೀಟಿನಲ್ಲಿ ನಾನು, ನನ್ನ ಲ್ಯಾಪ್‌ಟಾಪ್, ಗಂಡ ಕಟ್ಟಿಕೊಟ್ಟ ಚಪಾತಿಯ ಡಬ್ಬಿ.

ಎಣ್ಣೆ ಬೆಲೆ ಕುಸಿದು ಕಂಪೆನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದ ವರ್ಷ ಅದು. ನಮ್ಮ ಪ್ಲಾನಿಂಗ್ ಮ್ಯಾನೇಜರ್ ಕೂಡ ಹೋಗಿದ್ದರು. ಎಂಟು ವರ್ಷ ಅವರ ಶೆಡ್ಯೂಲುಗಳನ್ನೆಲ್ಲ ತಯಾರಿಸಿದವಳು ನಾನು. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವರು ಅವರು. ಜನರಲ್ ಮ್ಯಾನೇಜರ್ ನನ್ನನ್ನು ಕರೆದು, "ಆ ಜಾಗಕ್ಕೆ ನೀವು ಬರ್ತೀರಾ? ಇಲ್ಲದಿದ್ರೆ ಸೊಹಾರ್ ಆಫೀಸಿನಿಂದ ಒಬ್ಬರನ್ನು ಕರೆಸ್ತೇನೆ. ದುಕ್ಮ್‌ನಿಂದ ವಾಪಸ್ ಬರುವಷ್ಟರಲ್ಲಿ ಮೇಲ್ ಮಾಡಿ" ಎಂದಿದ್ದರು. ಆ ಸಂಜೆಯೇ ಉತ್ತರ ಬರೆದಿಟ್ಟಿದ್ದೆ: ಯಾರು ಬಂದರೂ ಪೂರ್ತಿ ಸಹಕಾರ ಕೊಡುತ್ತೇನೆ. ಕಳಿಸಿರಲಿಲ್ಲ, ಅಷ್ಟೆ. ನನಗೆ ಹೆದರಿಕೆಯಾಗಿತ್ತು. ಅದಕ್ಕೆ ವಿನಯ ಎಂದು ಹೆಸರಿಟ್ಟುಕೊಂಡಿದ್ದೆ.

ಸಿನಾವ್‌ನಲ್ಲಿ ನಿಲ್ಲಿಸಿದಾಗ ಖಲ್ಫಾನ್ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾ ಬಗ್ಗಿಸಿ, ಖರ್ಜೂರದ ಡಬ್ಬಿ ತೆರೆದರು. "ನೀವು ಮೊದಲು ತಗೊಳ್ಳಿ" ಎಂದು ನಾನು ಕಪ್ಪನ್ನು ಅವರತ್ತ ಸರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ.

"ನಮ್ಮಲ್ಲಿ ಮೊದಲ ಕಪ್ ಅತಿಥಿಗಳಲ್ಲಿ ದೊಡ್ಡವರಿಗೆ. ಅವರೇ ಬೇಡ ಅಂದ್ರೆ, ತಂದವನು ಯಾರ ಹತ್ತಿರ ಹೋಗ್ಬೇಕು?"

ಮಹೂತ್ ದಾಟಿದ ಮೇಲೆ ನೆಲ ಚಪ್ಪಟೆ, ಮರವಿಲ್ಲ, ಗಾಳಿ ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತಿತ್ತು. ರಸ್ತೆ ದಾಟುವ ಒಂಟೆಗಳಿಗಾಗಿ ಎರಡು ಸಲ ನಿಂತೆವು. ಒಂದು ಗಂಟೆಗೆ ದುಕ್ಮ್ ತಲುಪಿದಾಗ ಸೈಟ್ ಎಂಜಿನಿಯರ್ ಪ್ರದೀಪ ಕ್ಯಾಂಪಿನ ಬಾಗಿಲಲ್ಲಿದ್ದ. ಸುರತ್ಕಲ್‌ನವನು, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ. ಅಂಜಲ್ ಮೀನಿನ ಸಾರು, ಅನ್ನ ಉಂಡು ಮೂರಕ್ಕೆ ಮೀಟಿಂಗಿಗೆ ಹೋದೆವು.

ನಾವು ಕಟ್ಟುತ್ತಿದ್ದದ್ದು ಒಂದು ಪಂಪ್‌ಹೌಸ್. ಕಟ್ಟಿಸುವವರ ಪರವಾಗಿ ಬಂದಿದ್ದವಳು ಮೋಜಾ, ಮೂವತ್ತರ ಆಸುಪಾಸಿನ ಒಮಾನಿ ಎಂಜಿನಿಯರ್. ಕಹ್ವಾ ತಂದವನು ನನ್ನ ಮತ್ತು ಪ್ರದೀಪನ ಮುಂದೆ ತಡೆದು ನಿಂತ. ನನ್ನ ಕೈ ತಾನಾಗಿಯೇ ಪ್ರದೀಪನನ್ನು ತೋರಿಸಿತು. ಕಪ್ ಅವನಿಗೆ ಹೋಯಿತು. ಕಪ್ಪಿನ ಹಿಂದೆಯೇ ಪ್ರಶ್ನೆಗಳೂ ಹೋದವು.

ಕ್ರೇನ್ ಕೆಲಸವನ್ನು ಮೇ ತಿಂಗಳಿಗೇ ಯಾಕೆ ತಂದಿದ್ದೀರಿ ಎಂದು ಮೋಜಾ ಕೇಳಿದಳು. ಪ್ರದೀಪ ನನ್ನನ್ನು ನೋಡಿದ. ನಾನು ತುಳುವಿನಲ್ಲಿ ಪಿಸುಗುಟ್ಟಿದೆ: ಜೂನ್‌ನಿಂದ ಮೂರು ತಿಂಗಳು ಮಧ್ಯಾಹ್ನದ ಮೇಲೆ ಗಾಳಿ ಜೋರು, ಆಗ ಕ್ರೇನ್ ನಿಲ್ಲಿಸಬೇಕು. ಅವನು ಇಂಗ್ಲಿಷಿನಲ್ಲಿ, "ಜೂನ್‌ನಿಂದ ಮೂರು ತಿಂಗಳು ಕ್ರೇನ್ ನಿಲ್ಲುತ್ತದೆ" ಎಂದಷ್ಟೇ ಹೇಳಿದ.

"ಹಾಗಾದರೆ ಮೂರು ತಿಂಗಳು ಕೆಲಸವೇ ಇಲ್ಲ" ಎಂದು ಮೋಜಾ ಬರೆದುಕೊಂಡಳು. "ಅಷ್ಟು ದಿನ ನಿಮ್ಮ ಜನರನ್ನು ಇಲ್ಲಿ ಯಾಕೆ ಇಟ್ಟುಕೊಳ್ಳಬೇಕು? ನಾಳೆ ಬೆಳಿಗ್ಗೆ ಹೇಳಿ."

ಆಗಲೇ ತಿದ್ದಬೇಕಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಸೈಟಿನ ಎಂಬತ್ತು ಜನರ ಕೆಲಸ ನನ್ನ ಪಿಸುಮಾತಿಗೆ ಸಿಕ್ಕಿಕೊಂಡಿತ್ತು.

ಸಂಜೆ ಸಮುದ್ರದ ದಂಡೆಯಲ್ಲಿ ನಡೆಯುವಾಗ ಪ್ರದೀಪ ಹೇಳಿದ: "ಅಕ್ಕ, ನಾಳೆ ನೀವೇ ಮಾತಾಡಿ ಮಾರಾಯ್ರೆ. ನನ್ನಿಂದ ಆಗುದಿಲ್ಲ."

"ಸೈಟ್ ನಿನಗೆ ಗೊತ್ತುಂಟಲ್ಲ."

"ಸೈಟ್ ಗೊತ್ತುಂಟು. ಹಾಗೆ ಯಾಕೆ ಮಾಡಿದ್ದು ಅಂತ ಗೊತ್ತಿರುದು ನಿಮಗೆ. ನೀವು ನನ್ನನ್ನು ಮುಂದೆ ಕೂರ್ಸಿದ್ರೆ ಇಬ್ರೂ ಮುಳುಗುದು."

ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾಗಿದ್ದರಿಂದ ಇನ್ನೂ ಹೆಚ್ಚು ಬಂತು.

ಬೆಳಿಗ್ಗೆ ಕಹ್ವಾದವನು ನೇರ ಪ್ರದೀಪನ ಹತ್ತಿರ ಹೋದ. ನಾನು ಕೈ ಚಾಚಿದೆ. ಕಪ್ ತೆಗೆದುಕೊಂಡು ಒಂದು ಗುಟುಕು ಕುಡಿದೆ. "ನಿನ್ನೆ ಹೇಳಿದ್ದು ಪೂರ್ತಿ ಅಲ್ಲ" ಎಂದು ಶುರುಮಾಡಿದೆ. ಮೂರು ವರ್ಷದ ಸೈಟ್ ಡೈರಿ ತೆರೆದು, ಜೂನ್ ದಾಟಿದ ಮೇಲೂ ಮಧ್ಯಾಹ್ನದವರೆಗೆ ಕ್ರೇನ್ ನಡೆದ ದಿನಗಳನ್ನು ಒಂದೊಂದಾಗಿ ತೋರಿಸಿದೆ. ಭಾರದ ಕೆಲಸ ಮೇ ತಿಂಗಳಲ್ಲಿ, ಉಳಿದದ್ದು ಬೆಳಗಿನ ಪಾಳಿಯಲ್ಲಿ. ಮೊದಲು ದನಿ ಕೈಕೊಟ್ಟಿತು. ಡೈರಿಯ ಎರಡನೇ ವರ್ಷಕ್ಕೆ ಬರುವಾಗ ಸರಿಹೋಯಿತು.

ಮೋಜಾ ಹೊಗಳಲಿಲ್ಲ. ನಿನ್ನೆಯ ಸಾಲನ್ನು ಹೊಡೆದುಹಾಕಿ, "ಪಾಳಿ ಬದಲಿಸುವುದನ್ನು ಯಾರು ನಿರ್ಧರಿಸುತ್ತಾರೆ?" ಎಂದಳು.

ಮಸ್ಕತ್ತಿನಲ್ಲಿ ಕೇಳಿ ಹೇಳುತ್ತೇನೆ ಎನ್ನುವುದು ನನ್ನ ಎಂಟು ವರ್ಷದ ಅಭ್ಯಾಸ. "ನಾನು" ಎಂದೆ.

ಹತ್ತೂವರೆಗೆ ವಾಪಸ್ ಹೊರಟೆವು. ದುಕ್ಮ್ ಹಿಂದೆ ಬೀಳುತ್ತಿದ್ದಂತೆ ಫೋನಿನ ಸಿಗ್ನಲ್ ಹೋಯಿತು. ಹಳೆಯ ಉತ್ತರ ಅಳಿಸಿ ಒಂದೇ ಸಾಲು ಬರೆದೆ: ಪ್ಲಾನಿಂಗ್ ವಿಭಾಗವನ್ನು ನಾನು ನಡೆಸುತ್ತೇನೆ. ಕಳಿಸುವ ಗುಂಡಿ ಒತ್ತಿದೆ. ಸಿಗ್ನಲ್ ಇಲ್ಲದೆ ಅದು ಫೋನಿನಲ್ಲೇ ಕುಳಿತುಕೊಂಡಿತು. ಮಹೂತ್‌ವರೆಗೆ ಒಂದೂವರೆ ಗಂಟೆಯ ದಾರಿ. ಅಳಿಸಲು ಒಂದು ಬೆರಳು ಸಾಕು. ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಸೊಹಾರ್‌ನಿಂದ ಬರುವ ಆ ಕಾಣದ ಮನುಷ್ಯ ನನಗಿಂತ ಜಾಣನಿರಬಹುದು ಅನ್ನಿಸಿತು. ಆದರೆ ಆ ಡೈರಿಗಳನ್ನು ಅವನು ಓದಿಲ್ಲ.

ಮಹೂತ್‌ನ ಪೆಟ್ರೋಲ್ ಪಂಪಿನಲ್ಲಿ ಫೋನ್ ಸಣ್ಣಗೆ ನಡುಗಿತು. ಮೇಲ್ ಹೋಗಿತ್ತು. ಖಲ್ಫಾನ್ ಫ್ಲಾಸ್ಕ್ ತೆಗೆದು ಕಹ್ವಾ ಬಗ್ಗಿಸಿ ಚಾಚಿದರು. ಈ ಸಲ ಕಪ್ಪನ್ನು ನಾನು ಯಾರತ್ತಲೂ ಸರಿಸಲಿಲ್ಲ.