ಗೆರೆಯಾಚೆ ಸುಗಂಧಿಯಕ್ಕನ ಸ್ವರ

ಕಾಪುವಿನ ಕಡಲ ಕರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೀಪಸ್ತಂಭದ ದೀಪ ಸುತ್ತುತ್ತಲೇ ಇದೆ. ಮರಳಿಗೆ ತಾಗಿದ ಮೊದಲ ದೋಣಿಯ ಸುತ್ತ ಬುಟ್ಟಿ ಹಿಡಿದ ಹೆಂಗಸರ ಗುಂಪು. ಅದರ ನಡುವೆ, ಏಲಂ ಕೂಗುವವನನ್ನೂ ಮೀರಿಸುವ ಒಂದು ಸ್ವರ. ಆ ಸ್ವರದ ಒಡತಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ, ಇದು ನಿನ್ನೆಯದ್ದು ಎಂದು ತೀರ್ಪು ಕೊಟ್ಟು ಮುಂದಿನ ರಾಶಿಗೆ ಹೋಗುತ್ತಾರೆ. ಹೋಗುವ ದಾರಿಯಲ್ಲೇ ದೋಣಿಯಿಂದ ಇಳಿಯುತ್ತಿದ್ದ ಯುವಕನೊಬ್ಬನನ್ನು ಹಿಡಿದು ನಿಲ್ಲಿಸುತ್ತಾರೆ. ನಿನ್ನೆ ಸಂಜೆ ಪ್ರಾಕ್ಟೀಸಿಗೆ ಯಾಕೆ ಬರಲಿಲ್ಲ, ಭಾನುವಾರ ಕಾರ್ಕಳದವರು ಬರುವುದು ಮೀನೂಟಕ್ಕಾ ಎಂದು ವಿಚಾರಿಸುತ್ತಾರೆ. ಯುವಕ ತಲೆ ತಗ್ಗಿಸಿ ಬಲೆ ಮಡಚತೊಡಗುತ್ತಾನೆ.

ಇವರು ಸುಗಂಧಿ. ಕಾಪುವಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಸುಗಂಧಿಯಕ್ಕ. ವಯಸ್ಸು ಐವತ್ತರ ಆಸುಪಾಸು. ಹುಟ್ಟಿದ ವರ್ಷ ಕೇಳಿದರೆ ಬಂಗುಡೆ ರಾಶಿ ರಾಶಿ ಬಿದ್ದ ವರ್ಷ ಎನ್ನುತ್ತಾರೆ, ಅಂಥ ವರ್ಷಗಳು ಬೇಕಾದಷ್ಟಿದ್ದವು. ಬುಟ್ಟಿ ತುಂಬಿದೊಡನೆ ಶಿರ್ವ, ಬೆಳ್ಮಣ್ಣು ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸು ಹಿಡಿಯುತ್ತಾರೆ. ಮಧ್ಯಾಹ್ನ ಮರಳುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಅಡುಗೆಮನೆಗಳಿಗೆ ಮೀನು ತಲುಪಿರುತ್ತದೆ. ಮೀನಿನ ಜೊತೆಗೆ ‘ಲೈಟ್‌ಹೌಸ್ ಫ್ರೆಂಡ್ಸ್’ ವಾಲಿಬಾಲ್ ತಂಡದ ಸಮಾಚಾರವೂ ತಲುಪಿರುತ್ತದೆ, ಕೇಳಿದವರಿಗೂ ಕೇಳದವರಿಗೂ.

ಈ ತಂಡದ ಹೆಸರನ್ನು ಬೆಂಗಳೂರಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಉಡುಪಿಯಲ್ಲೇ ಅರ್ಧ ಜನ ಕೇಳಿಲ್ಲ. ಉಡುಪಿಯಿಂದ ಹೆಜಮಾಡಿಯವರೆಗಿನ ಊರುಗಳೂ ಕಾರ್ಕಳವೂ ಸೇರಿ ಎಂಟು ತಂಡಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಭಾನುವಾರ ಭಾನುವಾರ ಆಡುವ ಲೀಗ್ ಇದು. ಪ್ರತಿ ತಂಡವೂ ಉಳಿದ ಎಲ್ಲರೊಡನೆ ಎರಡು ಸಲ ಆಡಬೇಕು, ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. ಮೇಲಿನ ನಾಲ್ಕು ತಂಡಗಳಿಗೆ ಕೊನೆಗೆ ಮಣಿಪಾಲದಲ್ಲಿ ಆಡುವ ಯೋಗ. ಈಗ 1984ರ ಫೆಬ್ರವರಿ, ಲೀಗ್ ಅರ್ಧ ಮುಗಿದಿದೆ, ಕಾಪು ಐದನೆಯ ಸ್ಥಾನದಲ್ಲಿ ನಿಂತು ಮೇಲಿನವರ ಕಾಲು ನೋಡುತ್ತಿದೆ. ನಾನೂ ಕಾಪುವಿನವನೇ ಆದ್ದರಿಂದ ಪಕ್ಷಪಾತವಿಲ್ಲದೆ ಬರೆಯುತ್ತೇನೆಂದು ಯಾರೂ ನಿರೀಕ್ಷಿಸಬಾರದು.

ತಂಡದ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ತಿಳಿಯಲು ನಾನು ಸುಗಂಧಿಯಕ್ಕನ ಜೊತೆ ಬಸ್ಸು ಹತ್ತುತ್ತೇನೆ. ಬುಟ್ಟಿಗೆ ಜಾಗ ಸಿಗುವುದು ಹಿಂದಿನ ಬಾಗಿಲ ಬಳಿ ಮಾತ್ರ. ನೀರು ಸೋರುತ್ತದೆಂದು ಕಂಡಕ್ಟರ್ ಗೊಣಗುತ್ತಾನೆ. ಮೊದಲೆಲ್ಲ ಅರ್ಧ ದಾರಿಯಲ್ಲಿ ಇಳಿಸಿಬಿಡುವವರೂ ಇದ್ದರಂತೆ, ಆಗ ಬೆಳ್ಮಣ್ಣಿನವರೆಗೂ ಬುಟ್ಟಿ ಹೊತ್ತು ನಡೆದದ್ದುಂಟು. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಗೆ ಇದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಇಬ್ಬರು ಹೆಣ್ಣು ಮಕ್ಕಳನ್ನು ಓದಿಸಿ ಮದುವೆ ಮಾಡಿಸಿದ್ದು ಈ ಬುಟ್ಟಿಯೇ. ಇದನ್ನೆಲ್ಲ ಅವರು ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ. ಕುತ್ತಿಗೆ ನೋವಿನ ಬಗ್ಗೆ ಕೇಳಿದರೆ ಕೈ ಬೀಸಿ, ಅಲೆಕ್ಸನ ಭುಜದ ನೋವಿನ ಬಗ್ಗೆ ಹೇಳಲು ಶುರು ಮಾಡುತ್ತಾರೆ.

ಅಲೆಕ್ಸ್ ತಂಡದ ನಾಯಕ, ಶಿರ್ವದ ಬೇಕರಿಯಲ್ಲಿ ಹಿಟ್ಟು ನಾದುವವನು, ತಂಡದ ಸ್ಮ್ಯಾಶರ್. "ಅವನು ಅಂಜಲ್ ಮೀನು ಮಾರಾಯ್ರೆ, ಒಂದೇ ಸಾಕು, ಮನೆ ತುಂಬ ಊಟ ಆಗ್ತದೆ" ಎನ್ನುತ್ತಾರೆ ಸುಗಂಧಿಯಕ್ಕ. ಆದರೆ ಒಂದು ಪಾಯಿಂಟ್ ಹೋದರೆ ಎರಡು ಪಾಯಿಂಟ್ ಸಿಟ್ಟು ಮಾಡಿಕೊಳ್ಳುತ್ತಾನೆ, ಆ ಸಿಟ್ಟಿನಲ್ಲಿ ಹೊಡೆದದ್ದೆಲ್ಲ ನೆಟ್ಟಿಗೇ. ಚೆಂಡು ಎತ್ತಿ ಕೊಡುವ ಲಿಫ್ಟರ್ ಬೆಂಜಮಿನ್, ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನ ಕೈ ಬೆಣ್ಣೆ, ಮಾತು ಮಾತ್ರ ಇಲ್ಲ, ಚೆಂಡು ಯಾರಿಗೆ ಎಂದು ಒಮ್ಮೆ ಕೂಗಿದರೆ ಅವನ ಗಂಟು ಏನು ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಮಣಿಪಾಲದ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ರಘುಪತಿಯ ಸರ್ವಿಸ್ ಚೆನ್ನಾಗಿದೆ, ಆದರೆ ಹಿಂದಿನ ಭಾನುವಾರ ಉದಾಸೀನ ಮಾಡಿದನಂತೆ. ಆ ದಿನ ರಘುಪತಿ ಆಡಿರಲೇ ಇಲ್ಲ, ಅವನಿಗೆ ಜ್ವರ ಬಂದಿತ್ತು. ಹಾಗೆಂದು ತಿಳಿಸಿದೆ. ಸುಗಂಧಿಯಕ್ಕ, ಜ್ವರ ಬರಿಸಿಕೊಂಡದ್ದೂ ಉದಾಸೀನವೇ ಎಂದರು. ಉಳಿದ ಇಬ್ಬರು ಅಣ್ಣತಮ್ಮಂದಿರು. ಅವರನ್ನು ಉಪ್ಪು ಹಾಕಿ ಇಟ್ಟರೆ ಮುಂದಿನ ವರ್ಷಕ್ಕೆ ಆದೀತು.

ಕೊನೆಗೆ ದಾಮೋದರ. ಬೆಳಿಗ್ಗೆ ಬೈಸಿಕೊಂಡ ಯುವಕ ಅವನೇ, ಸುಗಂಧಿಯಕ್ಕನ ತಂಗಿಯ ಮಗ. ಹಿಂದಿನ ಸಾಲಿನಲ್ಲಿ ನಿಂತು ಎಂಥ ಚೆಂಡನ್ನಾದರೂ ಮೇಲೆತ್ತುತ್ತಾನೆ. ಅವನ ವಿಷಯ ಬಂದಾಗ ಅವರ ಮಾತಿನಲ್ಲಿ ತಮಾಷೆ ಇರುವುದಿಲ್ಲ.

"ಅವನಲ್ಲಿ ಎಲ್ಲ ಉಂಟು. ಸ್ವಂತ ತೀರ್ಮಾನ ಒಂದು ಇಲ್ಲ. ಚೆಂಡು ಗೆರೆಯ ಹತ್ತಿರ ಬಂದರೆ ಸಾಕು, ಹೊಡೆಯುವುದಾ ಬಿಡುವುದಾ ಅಂತ ಬೇರೆಯವರ ಮುಖ ನೋಡ್ತಾನೆ. ಅದು ಅವನ ತಪ್ಪಲ್ಲ. ಅಭ್ಯಾಸ ಮಾಡಿಸಿದ್ದು ನಾನೇ."

ಈ ಮಾತಿನ ಹಿಂದೆ ಒಂದು ಕತೆಯಿದೆ. ಸುಗಂಧಿಯಕ್ಕನ ತಂದೆ ರಂಪಣಿಯ ತಂಡೇಲರು, ಎಂದರೆ ಮೀನುಗಾರರ ಮುಂದಾಳು, ಆಗಿದ್ದವರು. ರಂಪಣಿ ಎಂದರೆ ಕಡಲಿನಲ್ಲಿ ಅರ್ಧ ಚಂದ್ರಾಕಾರಕ್ಕೆ ಬಿಟ್ಟು, ದಡದಿಂದ ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುವ ದೊಡ್ಡ ಬಲೆ. ಎರಡು ಗುಂಪುಗಳ ನಡುವೆ ಕೂಗಿದರೂ ಕೇಳದಷ್ಟು ದೂರ. ಕೇಳಿಸುತ್ತಿದ್ದದ್ದು ಒಂದೇ ಸ್ವರ, ತಂಡೇಲರ ಮಗಳದ್ದು. ನೀರಿನಲ್ಲಿದ್ದ ತಂದೆ ತಲೆಗೆ ಸುತ್ತಿದ ಬೈರಾಸು ವಸ್ತ್ರ ಬಿಚ್ಚಿ ಬೀಸಿದರೆ ಬಲೆ ಕಲ್ಲಿಗೆ ಸಿಕ್ಕಿದೆ ಎಂದು ಅರ್ಥ. ದಿಬ್ಬದ ಮೇಲಿನ ಸುಗಂಧಿ ಆಗ ತುಳುವಿನಲ್ಲಿ "ಬುಡ್ಲೆ" ಎಂದು ಕೂಗುತ್ತಿದ್ದರು, ಬಿಡಿರಿ ಎಂದು. ಕೇಳಿದ ಕೂಡಲೇ ಎಲ್ಲರೂ ಹಗ್ಗ ಬಿಡಬೇಕು, ಯಾಕೆ ಎನ್ನಬಾರದು. ತಡ ಮಾಡಿದರೆ ಬಲೆ ಹರಿಯುತ್ತದೆ, ಇಲ್ಲವೇ ಅಂಗೈಯ ಚರ್ಮ ಹಗ್ಗದೊಡನೆ ಹೋಗುತ್ತದೆ. ಕಡಲ ಕರೆಯ ಮಕ್ಕಳೆಲ್ಲ ಆ ಕೂಗಿಗೆ ಕೈ ಬಿಡುತ್ತಲೇ ದೊಡ್ಡವರಾದರು. ಈಗ ಯಂತ್ರದ ದೋಣಿಗಳು ಬಂದು ರಂಪಣಿ ಮೂಲೆ ಸೇರಿದೆ. ಅದರದ್ದೊಂದು ತುಂಡು ಶಾಲೆಯ ಮೈದಾನದಲ್ಲಿ ಎರಡು ಕಂಬಗಳ ನಡುವೆ ವಾಲಿಬಾಲ್ ನೆಟ್ ಆಗಿ ನಿಂತಿದೆ. ಸುಗಂಧಿಯಕ್ಕ ಮೊದಲ ಸಲ ಆಟ ನೋಡಲು ಹೋದದ್ದೂ ತಂದೆಯ ಬಲೆಯನ್ನು ನೋಡಿಬರುವ ನೆಪದಲ್ಲಿಯೇ. ಹೋದವರು ಮತ್ತೆ ಮನೆಯಲ್ಲಿ ಕೂರಲಿಲ್ಲ.

ಈ ಸಲದ ಮೊದಲ ಸುತ್ತಿನಲ್ಲಿ ಕಾರ್ಕಳದಲ್ಲಿ ನಡೆದದ್ದು ಹೀಗೆ. ಕೊನೆಯ ಸೆಟ್, ಸೋಲು ಗೆಲುವಿನ ಪಾಯಿಂಟ್. ಕಾರ್ಕಳದವರು ಹೊಡೆದ ಚೆಂಡು ಹಿಂದಿನ ಗೆರೆಯ ಕಡೆ ಹಾರಿತು. ಹೊರಗೆ ಬೀಳುತ್ತದೆಂದು ಸುಗಂಧಿಯಕ್ಕನಿಗೆ ಖಾತ್ರಿಯಾಯಿತು, "ಬುಡ್ಲೆ" ಎಂದರು. ದಾಮೋದರನ ಕೈ ಬಿದ್ದುಹೋಯಿತು. ಅವನದ್ದು ಮಾತ್ರವಲ್ಲ, ಅಣ್ಣತಮ್ಮಂದಿರ ಕೈಯೂ ಒಟ್ಟಿಗೇ ಬಿತ್ತು. ಹಗ್ಗ ಮುಟ್ಟಿ ಗೊತ್ತಿಲ್ಲದ ಅಲೆಕ್ಸ್ ಒಬ್ಬನೇ ನೆಟ್ಟಿನಿಂದ ಹಿಂದಕ್ಕೆ ಓಡಿದ, ತಲುಪಲಿಲ್ಲ. ಚೆಂಡು ಗೆರೆಯ ಮೇಲೆಯೇ ಬಿತ್ತು, ಸುಣ್ಣದ ಪುಡಿ ಎದ್ದದ್ದನ್ನು ಇಡೀ ಕಾರ್ಕಳ ನೋಡಿತು. ಹೊರಗಿನವರು ಹೀಗೆ ಕೂಗಿದರೆ ಇನ್ನು ಮುಂದೆ ಎದುರಾಳಿಗೆ ಪಾಯಿಂಟ್ ಎಂದು ಲೀಗಿನವರು ಅಂದೇ ನಿಯಮ ಮಾಡಿದರು. ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಮರುದಿನ ತಂಡದ ಕಾರ್ಯದರ್ಶಿ, ಪೇಟೆಯಲ್ಲಿ ಹೊಲಿಗೆ ಅಂಗಡಿಯಿರುವ ಧರ್ಮಪಾಲ, ಸುಗಂಧಿಯಕ್ಕನ ಮನೆಗೆ ಹೋಗಿ ಚಹಾ ಕುಡಿದು, ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಮೈದಾನಕ್ಕೆ ಬರಬೇಡಿ ಎಂದರು. ಸುಗಂಧಿಯಕ್ಕ ಒಪ್ಪಿದರು. ಅಂದಿನಿಂದ ಊರಿನ ಪಂದ್ಯಗಳಿಗೆಲ್ಲ ಅವರು ಶಾಲೆಯ ಹಿಂದಿನ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಾರೆ. ಅಲ್ಲಿಗೆ ಕಾಣುವುದು ಗೋಡೆಯ ಮೇಲೆ ಹಾರಿದಾಗಿನ ಚೆಂಡು ಮಾತ್ರ, ಉಳಿದದ್ದೆಲ್ಲ ಶಬ್ದ. ರಘುಪತಿಯ ಜ್ವರ ಅವರಿಗೆ ತಿಳಿಯದಿದ್ದದ್ದು ಅದಕ್ಕೇ. ಬೈಯುವವರು ಬೈದರೆ ಸಹಿಸಬಹುದು, ಹುಡುಗರು ಏನೂ ಅನ್ನದೆ ಇದ್ದದ್ದು ತನಗೆ ಬಹಳ ನೋವಾಯಿತೆಂದು ಅವರು ಹೇಳುವಾಗ ನಾನು ಕಿಟಕಿಯಾಚೆ ನೋಡಿದೆ.

ಧರ್ಮಪಾಲರಿಗೂ ನೆಮ್ಮದಿಯಿಲ್ಲ. ಅವರ ಅಂಗಡಿಗೆ ಹೋದಾಗ ಅಲೆಕ್ಸನ ಅಂಗಿಗೆ ನಂಬರು ಹೊಲಿಯುತ್ತ, ಮೈದಾನ ವಾಲಗವಿಲ್ಲದ ಮದುವೆ ಮನೆಯಂತಾಗಿದೆ ಎಂದು ಒಪ್ಪಿಕೊಂಡರು. ಸುಗಂಧಿಯಕ್ಕ ಬರದಿದ್ದರೆ ಭಾನುವಾರ ಕಾರ್ಕಳದ ಎದುರು ಆಡುವುದಿಲ್ಲವೆಂದು ಅಲೆಕ್ಸ್ ಹಟ ಹಿಡಿದಿದ್ದನಂತೆ. ಕೊನೆಗೆ ಒಂದು ಒಪ್ಪಂದವಾಗಿದೆ. ಚೆಂಡು ಸತ್ತ ಮೇಲೆ ಎಷ್ಟು ಬೇಕಾದರೂ ಕೂಗಬಹುದು, ಚೆಂಡು ಗಾಳಿಯಲ್ಲಿದ್ದಾಗ ಉಸಿರೆತ್ತಬಾರದು. ಸುಗಂಧಿಯಕ್ಕನ ಬಗ್ಗೆ ಎಲೆಮರೆಯ ಕಾಯಿ ಎಂದು ಲೇಖನ ಬರೆಯುತ್ತಿದ್ದೇನೆ ಎಂದಾಗ ಧರ್ಮಪಾಲರು ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡಿದರು.

"ಎಂತ ಮರೆ ಮಾರಾಯ? ಅವರ ಸ್ವರ ಹೆಜಮಾಡಿಗೆ ಕೇಳ್ತದೆ."

ಭಾನುವಾರ ಸಂಜೆ ನಾಲ್ಕು ಗಂಟೆ. ಶಾಲೆಯ ಮೈದಾನದಲ್ಲಿ ನಿಲ್ಲಲು ಜಾಗವಿಲ್ಲ, ಗೋಡೆಯ ಮೇಲೂ ಜನ. ಕಾರ್ಕಳದಿಂದ ಒಂದು ಬಸ್ಸು ತುಂಬ ಬೆಂಬಲಿಗರು ಬಂದಿದ್ದಾರೆ. ಸುಗಂಧಿಯಕ್ಕ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಿಂದಿನ ಗೆರೆಯ ಮೂಲೆಯಲ್ಲಿ ತನ್ನ ಹಳೆಯ ಜಾಗದಲ್ಲಿ ನಿಂತಿದ್ದಾರೆ. ಪ್ರತಿ ಸರ್ವಿಸ್‌ಗೆ ಮೊದಲು ಬಾಯಿ ತುಂಬ ಎಲೆಯಡಿಕೆ ತುರುಕಿಕೊಳ್ಳುವುದು ಅವರು ಕಂಡುಕೊಂಡ ಉಪಾಯ. ಈಗ ಕೂಗಿದರೆ ಎದುರಿಗಿರುವವರ ಅಂಗಿ ಕೆಂಪಾಗುತ್ತದೆ ಎಂದು ಸನ್ನೆಯಲ್ಲೇ ವಿವರಿಸುತ್ತಾರೆ.

ಎಂಥ ಆಟ ಅದು! ಎರಡು ಸೆಟ್ ಅವರಿಗೆ, ಎರಡು ನಮಗೆ. ಬೆಂಜಮಿನ್ ಇಡೀ ಸೀಸನ್ನಿನಲ್ಲಿ ಮೊದಲ ಬಾರಿ ಬಾಯಿಬಿಟ್ಟು ಅಲೆಕ್ಸನ ಹೆಸರು ಕೂಗುತ್ತಾನೆ, ಅಲೆಕ್ಸ್ ಸಿಟ್ಟನ್ನು ಮರೆತು ನಗುತ್ತ ಹೊಡೆಯುತ್ತಾನೆ. ಜ್ವರದಿಂದೆದ್ದ ರಘುಪತಿ ಒಂದರ ಮೇಲೊಂದು ಸರ್ವಿಸ್‌ಗಳನ್ನು ನೆಟ್ ಸವರಿಕೊಂಡು ಹೋಗುವಂತೆ ಕಳಿಸುತ್ತಾನೆ. ಉಪ್ಪು ಹಾಕಿ ಇಡಬೇಕಾಗಿದ್ದ ಅಣ್ಣತಮ್ಮಂದಿರು ಕೂಡ ಗೋಡೆಯಂತೆ ಎದ್ದು ಬ್ಲಾಕ್ ಮಾಡುತ್ತಾರೆ. ಸುಗಂಧಿಯಕ್ಕ ಪಾಯಿಂಟಿಗೊಮ್ಮೆ ಓಡಿಹೋಗಿ ಉಗುಳುತ್ತಾರೆ, ಕೂಗುತ್ತಾರೆ, ಮತ್ತೆ ಎಲೆ ತುಂಬಿಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ನಿಂತ ನನಗೆ ಪೆನ್ನು ಎಲ್ಲಿ ಬಿತ್ತೆಂದು ಇವತ್ತಿಗೂ ಗೊತ್ತಿಲ್ಲ.

ಕೊನೆಯ ಸೆಟ್ಟಿನಲ್ಲಿ ನಮಗೆ ಹದಿನಾಲ್ಕು, ಕಾರ್ಕಳಕ್ಕೆ ಹದಿಮೂರು, ಸರ್ವಿಸ್ ನಮ್ಮದು. ಚೆಂಡು ಆಚೆ ಈಚೆ ಎಷ್ಟೋ ಸಲ ದಾಟುತ್ತದೆ. ಕಡೆಗೆ ಕಾರ್ಕಳದ ಎತ್ತರದ ಆಟಗಾರ ಹಾರಿ ಹೊಡೆಯುತ್ತಾನೆ. ಚೆಂಡು ಬರುತ್ತಿರುವುದು ನೇರ ಹಿಂದಿನ ಗೆರೆಗೆ, ದಾಮೋದರನ ಭುಜದ ಪಕ್ಕಕ್ಕೆ, ಅದೇ ಹಾಳು ಜಾಗಕ್ಕೆ. ದಾಮೋದರನ ಕಣ್ಣು ಅಭ್ಯಾಸಬಲದಿಂದ ಮೂಲೆಗೆ ತಿರುಗುತ್ತದೆ. ಅಲ್ಲಿ ಸುಗಂಧಿಯಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿಕೊಂಡು ನಿಂತಿದ್ದಾರೆ. ಅವರ ಮುಖದಲ್ಲಿ ಓದಲು ಏನೂ ಇಲ್ಲ. ದಾಮೋದರ ಚೆಂಡನ್ನು ನೋಡುತ್ತಾನೆ. ತಾನಾಗಿಯೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ಸುಣ್ಣ ಏಳಲಿಲ್ಲ.

ಆಮೇಲಿನ ಗದ್ದಲವನ್ನು ಬರೆಯುವ ಶಕ್ತಿ ನನಗಿಲ್ಲ. ಜನ ಅಲೆಕ್ಸನನ್ನು ಎತ್ತಿದರು, ದಾಮೋದರ ಜನರಿಂದ ತಪ್ಪಿಸಿಕೊಂಡು ಬಂದು ದೊಡ್ಡಮ್ಮನ ಎದುರು ನಿಂತ. ಸುಗಂಧಿಯಕ್ಕ ಅವನ ತಲೆಗೊಂದು ಮೊಟಕಿ, ಅದೇ ಕೈಯಿಂದ ಕಣ್ಣೊರೆಸಿಕೊಂಡರು.

ಗದ್ದಲ ಇಳಿದ ಮೇಲೆ, ಬಾಯಿ ತೊಳೆದು ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತ ಅವರನ್ನು, ಚೆಂಡು ಹೊರಗೆ ಬೀಳುತ್ತದೆಂದು ಅವರಿಗೂ ಗೊತ್ತಾಗಿತ್ತಾ ಎಂದು ಕೇಳಿದೆ. ಸುತ್ತ ಯಾರಿಲ್ಲವೆಂದು ನೋಡಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೋ ಏನೋ, ಸ್ವರ ತಗ್ಗಿಸಿ ಹೇಳಿದರು:

"ಒಳಗೆ ಅಂತಲೇ ನನಗೆ ಕಂಡದ್ದು. ಹೊಡಿ ದಾಮು ಅಂತ ಬಾಯಿವರೆಗೆ ಬಂದಿತ್ತು, ಎಲೆಯಡಿಕೆ ಜೊತೆ ನುಂಗಿಬಿಟ್ಟೆ. ನಮ್ಮ ತಂಡದಲ್ಲಿ ಯಾರ್ಯಾರು ಹೇಗೆ ಆಡಿದರು ಅಂತ ನೀವು ಬರೀತೀರಲ್ವಾ? ಹಾಗಾದರೆ ಒಂದು ಉಪಕಾರ ಮಾಡಿ. ಇವತ್ತು ಸುಗಂಧಿ ಚೆನ್ನಾಗಿ ಆಡಿದಳು ಅಂತ ಬರಿಯಿರಿ."

ಬರೆದಿದ್ದೇನೆ, ಸುಗಂಧಿಯಕ್ಕ.